ಜಿಪ್ಸಿಯ ಹೆಡ್ ಇಳಿಸುವ ಮೊದಲು ರೇಡಿಯೇಟರ್ ನೋಡಿ

ಮಳೆಗಾಲ ಕಳೆದು ದಾರಿ ಒಣಗುವ ಹೊತ್ತಿಗೆ, ಕೆಸರುಗದ್ದೆಯಲ್ಲಿ ಓಡಿದ ಮತ್ತು ತೋಡು (ಹಳ್ಳ) ದಾಟಿದ ಮಾರುತಿ ಜಿಪ್ಸಿಗಳು ಒಂದೊಂದಾಗಿ ಗ್ಯಾರೇಜಿನ ಎದುರು ಬಂದು ನಿಲ್ಲುತ್ತವೆ. ದೂರು ಹೆಚ್ಚುಕಡಿಮೆ ಒಂದೇ. ಘಾಟಿ ಹತ್ತುವಾಗ ನೀರು ಕುದಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅರ್ಧ ನಿಮಿಷ ಒಂದು ಸಿಲಿಂಡರ್ ಹಿಡಿಯುವುದಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ ಇಳಿಸಿ, ಅದರ ಅಡಿಗೆ ಹೊಸ ಪ್ಯಾಕಿಂಗ್ (ಹೆಡ್ ಗ್ಯಾಸ್ಕೆಟ್) ಹಾಕಿಸಿದ ಗಾಡಿಯೇ ಮುಂದಿನ ವರ್ಷ ಅದೇ ದೂರು ಹೊತ್ತು ಮತ್ತೆ ಬರುವುದುಂಟು. ಎರಡನೇ ಸಲ ಬಂದಾಗ ಎಲ್ಲರೂ ಪ್ಯಾಕಿಂಗ್ ಕಂಪನಿಯನ್ನು ಬೈಯುತ್ತಾರೆ. ಆದರೆ ಹೆಡ್ ಬಿಚ್ಚಿ ನೋಡಿದರೆ ಸಿಗುವುದು ಮಣ್ಣು ಕಟ್ಟಿದ ರೇಡಿಯೇಟರ್, ಬಾವಿ ನೀರು ತಿಂದ ಅಲ್ಯುಮಿನಿಯಂ, ಇಲ್ಲವೇ ಸಪಾಟು ನೋಡದೆ ಕೂರಿಸಿದ ಹೆಡ್.

ಇಲ್ಲಿ ಹೇಳುವುದು 1298 ಸಿಸಿಯ ಜಿ13 ಇಂಜಿನಿನ ಕೆಲಸ. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ನಲ್ಲಿ 8 ವಾಲ್ವಿನ ಕಾರ್ಬುರೇಟರ್ ಇಂಜಿನ್ ಇತ್ತು, 2000ದಲ್ಲಿ 16 ವಾಲ್ವಿನ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಇಂಜಿನ್ ಬಂತು. ಕೆಳಗಿನ ಅಳತೆಗಳು 8 ವಾಲ್ವಿನವು. 16 ವಾಲ್ವಿನವರು ಕ್ರಮವನ್ನು ಇಲ್ಲಿಂದ ತೆಗೆದುಕೊಳ್ಳಿ, ಟಾರ್ಕ್ (ಬೋಲ್ಟ್ ಬಿಗಿಯುವ ಬಲ) ಮತ್ತು ಟ್ಯಾಪೆಟ್ (ವಾಲ್ವಿನ ತುದಿಯ ಸಂದು) ಅಳತೆಗಳನ್ನು ನಿಮ್ಮ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ. ಹಳೆಯ 970 ಸಿಸಿ ಜಿಪ್ಸಿಯ ಬ್ಲಾಕ್ (ಸಿಲಿಂಡರುಗಳಿರುವ ಇಂಜಿನಿನ ಒಡಲು) ಬೀಡು ಕಬ್ಬಿಣದ್ದು. ಜಿ13ರಲ್ಲಿ ಹೆಡ್ಡೂ ಅಲ್ಯುಮಿನಿಯಂ, ಬ್ಲಾಕೂ ಅಲ್ಯುಮಿನಿಯಂ, ಒಳಗೆ ಕಬ್ಬಿಣದ ಲೈನರ್. ಹಗುರ ಇಂಜಿನ್, ಒಳ್ಳೆಯ ಇಂಜಿನ್, ಆದರೆ ಬಿಸಿ ಮತ್ತು ಉಪ್ಪು ಎರಡನ್ನೂ ಸಹಿಸುವುದಿಲ್ಲ.

ಹೋದದ್ದು ಪ್ಯಾಕಿಂಗೇ ಹೌದೇ?

ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಿ. ಹೆಡ್ ಇಳಿಸುವುದು ಎರಡು ದಿನದ ಕೆಲಸ, ತಪ್ಪು ಅಂದಾಜಿಗೆ ಅಷ್ಟು ದಂಡ ಕೊಡಬೇಕಾಗಿಲ್ಲ.

ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಬಿಳಿ ಕೆನೆ ಕಂಡಕೂಡಲೇ ಹೆದರುವವರು ಬಹಳ. ಜುಲೈ ತಿಂಗಳಲ್ಲಿ ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಅದು ಸಾಮಾನ್ಯ. ಗಾಳಿಯ ತೇವ ಒಳಗೆ ತಣಿದು ಮುಚ್ಚಳಕ್ಕೆ ಅಂಟುತ್ತದೆ, ಒಮ್ಮೆ ಇಂಜಿನ್ ಚೆನ್ನಾಗಿ ಬಿಸಿಯಾಗುವಂತೆ ಕಾರ್ಕಳದವರೆಗೆ ಓಡಿಸಿ ಬಂದರೆ ಹೋಗುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ಲೇ ಹಾಲು ಹಾಕಿದ ಚಾದ ಬಣ್ಣಕ್ಕೆ ತಿರುಗಿದ್ದರೆ ಅದು ಬೇರೆ ವಿಷಯ. ಅಲ್ಲಿಯೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಗಾಡಿ ಇತ್ತೀಚೆಗೆ ನೀರಿಗೆ ಇಳಿದಿತ್ತೇ? ಆಳದ ತೋಡು ದಾಟುವಾಗ ಬಿಸಿ ಇಂಜಿನ್ ಒಮ್ಮೆಲೇ ತಣಿದರೆ ಇಂಜಿನ್ ಉಸಿರಾಡುವ ಬ್ರೀದರ್‌ನಿಂದಲೋ ಡಿಪ್‌ಸ್ಟಿಕ್ ಪೈಪಿನಿಂದಲೋ ನೀರು ಒಳಗೆ ಎಳೆದುಕೊಳ್ಳುತ್ತದೆ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಪ್ಲಗ್ ಬಿಚ್ಚಿ ನೋಡಿ. ಅಲ್ಲಿಯ ಆಯಿಲೂ ಬೆಳ್ಳಗಾಗಿದ್ದರೆ ನೀರು ಹೊರಗಿನದ್ದಿರಬಹುದು. ಆಯಿಲ್ ಬದಲಿಸಿ, ಕೂಲಂಟ್ ಮಟ್ಟವನ್ನು ಒಂದು ವಾರ ಗಮನಿಸಿ. ಮಟ್ಟ ಇಳಿಯದಿದ್ದರೆ ಹೆಡ್ ಮುಟ್ಟುವುದು ಬೇಡ.

ಇಂಜಿನಿನ ಹಿಂಭಾಗದಲ್ಲಿ, ಫೈರ್‌ವಾಲ್ ಕಡೆ ಆಯಿಲ್ ಸೋರಿ ಬ್ಲಾಕಿನ ಮೇಲೆ ಇಳಿದಿದ್ದರೆ 8 ವಾಲ್ವಿನಲ್ಲಿ ಮೊದಲ ಸಂಶಯ ಡಿಸ್ಟ್ರಿಬ್ಯೂಟರ್ ಕೂತಿರುವ ಗೇರ್ ಕೇಸಿನ ಮೇಲೆ. ಅದರ ಪ್ಯಾಕಿಂಗ್ ಒಣಗಿ ಸೋರಿದ್ದನ್ನು ಹೆಡ್ ಗ್ಯಾಸ್ಕೆಟ್ ಎಂದು ತಿಳಿದು ಇಡೀ ಹೆಡ್ ಇಳಿಸಿದ ಉದಾಹರಣೆಗಳು ಎಷ್ಟೋ. ವಾಲ್ವ್ ಕವರಿನ ರಬ್ಬರ್ ಸೋರಿದರೂ ಆಯಿಲ್ ಅದೇ ದಾರಿಯಲ್ಲಿ ಇಳಿಯುತ್ತದೆ. ಡೀಸೆಲ್‌ನಲ್ಲಿ ತೊಳೆದು ಒರೆಸಿ, ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಹತ್ತು ನಿಮಿಷ ಇಂಜಿನ್ ಓಡಿಸಿ. ಪೌಡರ್ ಎಲ್ಲಿ ಮೊದಲು ಒದ್ದೆಯಾಗುತ್ತದೋ ಸೋರಿಕೆ ಅಲ್ಲಿಯದ್ದು.

ನೀರಿನ ಪರೀಕ್ಷೆಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ನೀರು ಬಾಯಿವರೆಗೆ ತುಂಬಿ, ಸ್ಟಾರ್ಟ್ ಮಾಡಿ ನೋಡುತ್ತಾ ನಿಲ್ಲಿ. ಒಳಗೆ ಸಿಕ್ಕಿದ್ದ ಗಾಳಿ ಮೊದಲ ಒಂದೆರಡು ನಿಮಿಷ ಗುಳ್ಳೆಯಾಗಿ ಬರುವುದು ಸಹಜ. ಐದು ನಿಮಿಷದ ನಂತರವೂ ಸಣ್ಣ ಸಣ್ಣ ಗುಳ್ಳೆ ನಿಲ್ಲದೆ ಬರುತ್ತಿದ್ದು, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾದರೆ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ನೀರಿಗೆ ನುಗ್ಗುತ್ತಿದೆ. ಇನ್ನೂ ಖಚಿತ ಬೇಕಾದರೆ ಬ್ಲಾಕ್ ಟೆಸ್ಟರ್ ಸಿಗುತ್ತದೆ: ರೇಡಿಯೇಟರ್ ಬಾಯಿಗೆ ಇಟ್ಟು ರಬ್ಬರ್ ಬುಗ್ಗೆ ಒತ್ತಿದಾಗ ಒಳಗಿನ ನೀಲಿ ದ್ರವ ಹಳದಿಗೆ ತಿರುಗಿದರೆ ಹೊಗೆಯ ಇಂಗಾಲದ ಡೈಆಕ್ಸೈಡ್ ಇದೆ ಎಂದರ್ಥ. ಕೂಲಂಟ್ ನೇರ ಟೆಸ್ಟರಿಗೆ ಏರಿದರೆ ಫಲಿತಾಂಶ ಕೆಡುತ್ತದೆ, ಆದ್ದರಿಂದ ಮಟ್ಟವನ್ನು ಎರಡು ಇಂಚು ಇಳಿಸಿಕೊಳ್ಳಿ.

ನಂತರ ಕಂಪ್ರೆಶನ್. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಇಗ್ನಿಷನ್ ಕಾಯಿಲಿನ ಕನೆಕ್ಷನ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಒಳ್ಳೆಯ ಇಂಜಿನಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 14 ಕೆಜಿ (199 ಪಿಎಸ್‌ಐ), ಕನಿಷ್ಠ 12 ಕೆಜಿ (170 ಪಿಎಸ್‌ಐ). ಒಂದು ಸಿಲಿಂಡರಿಗೂ ಇನ್ನೊಂದಕ್ಕೂ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪಕ್ಕಪಕ್ಕದ ಎರಡು ಸಿಲಿಂಡರ್, ಉದಾಹರಣೆಗೆ 2 ಮತ್ತು 3, ಒಟ್ಟಿಗೆ ಕುಸಿದಿದ್ದರೆ ಅವೆರಡರ ನಡುವಿನ ಸಪೂರ ಪಟ್ಟಿ ಸುಟ್ಟಿದೆ. ಒಂದೇ ಸಿಲಿಂಡರ್ ಕಡಿಮೆ ಇದ್ದರೆ ಒಂದು ಚಮಚ ಆಯಿಲ್ ಒಳಗೆ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಪ್ಯಾಕಿಂಗ್. ತೆಗೆದಿಟ್ಟ ಪ್ಲಗ್‌ಗಳನ್ನೂ ಸಾಲಾಗಿ ಇಟ್ಟು ನೋಡಿ. ಮೂರು ಪ್ಲಗ್ ಕಂದು ಬಣ್ಣಕ್ಕಿದ್ದು ಒಂದು ಮಾತ್ರ ಆವಿಯಲ್ಲಿ ತೊಳೆದಂತೆ ಬೆಳ್ಳಗೆ ಹೊಳೆಯುತ್ತಿದ್ದರೆ ನೀರು ಇಳಿಯುವ ಸಿಲಿಂಡರ್ ಅದೇ.

ರೇಡಿಯೇಟರಿಗೆ ಅರಶಿನ ಪುಡಿ ಹಾಕುವ ಉಪಾಯ ನಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿದೆ. ರೇಡಿಯೇಟರಿನ ಸೂಜಿಮೊನೆಯಷ್ಟು ತೂತಿಗೆ ಅದು ಮನೆ ಮುಟ್ಟುವವರೆಗೆ ನಿಲ್ಲುತ್ತದೆ. ಸಿಲಿಂಡರಿನ ಸ್ಫೋಟದ ಒತ್ತಡ ನಿಲ್ಲಿಸಲು ಅರಶಿನಕ್ಕಾಗಲಿ ಬಾಟಲಿಯಲ್ಲಿ ಬರುವ ಸೀಲರಿಗಾಗಲಿ ಸಾಧ್ಯವಿಲ್ಲ. ಎರಡೂ ಉಳಿಯುವುದು ರೇಡಿಯೇಟರಿನ ಕೊಳವೆಯೊಳಗೆ.

ತಂದಿಟ್ಟುಕೊಳ್ಳುವುದು

ಅಂಗಡಿಯಲ್ಲಿ ಬರೀ ಹೆಡ್ ಪ್ಯಾಕಿಂಗ್ ಕೇಳಬೇಡಿ, ಟಾಪ್ ಸೆಟ್ ಕೇಳಿ. ಅದರಲ್ಲಿ ಹೆಡ್ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಪ್ಯಾಕಿಂಗ್, ವಾಲ್ವ್ ಸೀಲ್, ವಾಲ್ವ್ ಕವರ್ ರಬ್ಬರ್ ಎಲ್ಲ ಬರುತ್ತವೆ. ಅದರ ಜೊತೆಗೆ ಟೈಮಿಂಗ್ ಬೆಲ್ಟ್ ಮತ್ತು ಟೆನ್ಷನರ್, ವಾಟರ್ ಪಂಪ್, 82 ಡಿಗ್ರಿಯ ಥರ್ಮೋಸ್ಟಾಟ್, 0.9 ಕೆಜಿಯ ರೇಡಿಯೇಟರ್ ಕ್ಯಾಪ್, ಮೇಲಿನ ಕೆಳಗಿನ ಹೋಸ್‌ಗಳು, ಆಯಿಲ್ ಫಿಲ್ಟರ್, 4 ಲೀಟರ್ ಆಯಿಲ್. ಕೂಲಂಟ್ ಕಾನ್ಸಂಟ್ರೇಟ್ ಎರಡೂವರೆ ಲೀಟರ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಷ್ಟೇ. ಹೆಡ್ ಬೋಲ್ಟ್ ಹತ್ತು ಇವೆ. ಹಳೆಯದರ ಪಕ್ಕ ಹೊಸದನ್ನು ನಿಲ್ಲಿಸಿ ನೋಡಿದಾಗ ಹಳೆಯದು ಉದ್ದವಾಗಿದ್ದರೆ, ಕತ್ತು ಸಪೂರವಾಗಿದ್ದರೆ, ಥ್ರೆಡ್ ತುಕ್ಕು ತಿಂದಿದ್ದರೆ ಹತ್ತನ್ನೂ ಬದಲಿಸಿ. ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಕೈ ಅಂದಾಜಿನಲ್ಲಿ ಬಿಗಿಯುವ ಹಳೆಯ ಮೇಸ್ತ್ರಿಗಳ ಕೈ ಬೀಡು ಕಬ್ಬಿಣದ ಜೀಪು ಇಂಜಿನಿನಲ್ಲಿ ಪಳಗಿದ್ದು. ಅಲ್ಯುಮಿನಿಯಂ ಬ್ಲಾಕಿನ ಥ್ರೆಡ್ಡಿಗೆ ಆ ಬಲ ಹೆಚ್ಚಾಗುತ್ತದೆ.

ಇಳಿಸುವುದು

ಹಿಂದಿನ ಸಂಜೆಯೇ ಮಾಡಿಡಬೇಕಾದ ಒಂದು ಕೆಲಸ ಉಂಟು: ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್ಟುಗಳಿಗೆ ತುಕ್ಕು ಬಿಡಿಸುವ ಆಯಿಲ್ ಹೊಡೆದು ಬಿಡುವುದು. ಸುರತ್ಕಲ್, ಮಲ್ಪೆ, ಕಾಪು ಕಡೆ ಕಡಲಬದಿಯಲ್ಲಿ ನಿಲ್ಲುವ ಗಾಡಿಗಳಲ್ಲಿ ಈ ನಟ್ಟುಗಳು ಸ್ಟಡ್ಡಿಗೇ ಬೆಸೆದು ಹೋಗಿರುತ್ತವೆ. ಬೆಳಿಗ್ಗೆ ಮತ್ತೊಮ್ಮೆ ಹೊಡೆದು, ಆರು ಮುಖದ ಸಾಕೆಟಿನಲ್ಲಿ ಮೊದಲು ಸ್ವಲ್ಪ ಬಿಗಿ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ ಅಲುಗಾಡಿಸಿ. ಸ್ಟಡ್ ತುಂಡಾದರೆ ಅದನ್ನು ಹೆಡ್ ಇಳಿಸಿದ ಮೇಲೆ ಮೇಜಿನ ಮೇಲೆ ತೆಗೆಯುವುದು ಸುಲಭ, ಗಾಡಿಯಲ್ಲೇ ಡ್ರಿಲ್ ಹಿಡಿದು ಒದ್ದಾಡಬೇಡಿ.

ಇಂಜಿನ್ ರಾತ್ರಿಯಿಡೀ ತಣಿದಿರಬೇಕು. ಬಿಸಿ ಇರುವಾಗ ಬೋಲ್ಟ್ ಸಡಿಲಿಸಿದರೆ ಸರಿ ಇದ್ದ ಹೆಡ್ಡೂ ಬಾಗುತ್ತದೆ.

ಬ್ಯಾಟರಿಯ ನೆಗೆಟಿವ್ ಕಳಚಿ. ಎಂಪಿಎಫ್‌ಐ ಆದರೆ ಪೆಟ್ರೋಲ್ ಪಂಪಿನ ಕನೆಕ್ಷನ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಲೈನಿನ ಒತ್ತಡ ಇಳಿಸುವುದು ಹಿಂದಿನ ದಿನದ ಕೆಲಸ. ಕೂಲಂಟನ್ನು ಬಕೆಟಿಗೆ ಇಳಿಸಿ, ಮುಚ್ಚಿಡಿ. ಅದು ಸಿಹಿ, ವಿಷ. ನಾಯಿ, ದನ ನೆಕ್ಕುತ್ತವೆ, ತೋಡಿಗಂತೂ ಚೆಲ್ಲಲೇಬೇಡಿ. ಇಂಜಿನ್ ಆಯಿಲನ್ನೂ ಇಳಿಸಿ. ರೇಡಿಯೇಟರ್ ಪೂರ್ತಿ ಹೊರಗೆ ತೆಗೆದುಬಿಡಿ. ಜಾಗವೂ ಆಗುತ್ತದೆ, ಅದಕ್ಕೆ ಬೇರೆ ಕೆಲಸವೂ ಇದೆ.

ಏರ್ ಕ್ಲೀನರ್, ಆಕ್ಸಿಲರೇಟರ್ ಕೇಬಲ್, ವೈರು, ವ್ಯಾಕ್ಯೂಮ್ ಪೈಪು ಕಳಚುವಾಗ ಪ್ರತಿಯೊಂದಕ್ಕೂ ಮಾಸ್ಕಿಂಗ್ ಟೇಪಿನಲ್ಲಿ ನಂಬರ್ ಅಂಟಿಸಿ, ಫೋನಿನಲ್ಲಿ ಫೋಟೋ ತೆಗೆಯಿರಿ. ಕಾರ್ಬುರೇಟರ್ ಜಿಪ್ಸಿಯ ವ್ಯಾಕ್ಯೂಮ್ ಪೈಪುಗಳನ್ನು ನೆನಪಿನಿಂದ ಸಿಕ್ಕಿಸುತ್ತೇನೆ ಎಂದವರು ಆಮೇಲೆ ಐಡ್ಲಿಂಗ್ ಸರಿಪಡಿಸುತ್ತಲೇ ಇರುತ್ತಾರೆ.

ಈಗ ಟೈಮಿಂಗ್, ಅಂದರೆ ಕ್ಯಾಮ್ ಮತ್ತು ಕ್ರ್ಯಾಂಕಿನ ಹೊಂದಾಣಿಕೆ. ಕ್ರ್ಯಾಂಕ್ ಪುಲ್ಲಿಯನ್ನು ಪ್ರದಕ್ಷಿಣೆಯ ದಿಕ್ಕಿಗೆ ಮಾತ್ರ ತಿರುಗಿಸಿ, ಕ್ಯಾಮ್ ಪುಲ್ಲಿಯ ಗುರುತು ಹಿಂಬದಿ ಕವರಿನ ಗುರುತಿಗೆ, ಕ್ರ್ಯಾಂಕ್ ಸ್ಪ್ರಾಕೆಟ್ಟಿನ ಚುಕ್ಕಿ ಆಯಿಲ್ ಪಂಪ್ ಕೇಸಿನ ಬಾಣಕ್ಕೆ ಬರುವಂತೆ ನಿಲ್ಲಿಸಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ರೋಟರ್ ಮುಖ ಮಾಡಿದ ಕಡೆಗೆ ಬಾಡಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಎರಡು ಗುರುತು ಸೇರಿದೆ ಎಂದಮಾತ್ರಕ್ಕೆ 1ನೇ ಸಿಲಿಂಡರ್ ಫೈರಿಂಗಿಗೆ ಬಂದಿದೆ ಎಂದು ತಿಳಿಯಬೇಡಿ. ನೀವು ಎಳೆದ ಗೆರೆಯನ್ನೇ ನಂಬಿ. ಟೆನ್ಷನರ್ ಸಡಿಲಿಸಿ ಬೆಲ್ಟ್ ತೆಗೆದ ಮೇಲೆ ಕ್ಯಾಮ್, ಕ್ರ್ಯಾಂಕ್ ಎರಡನ್ನೂ ಬೇರೆಬೇರೆಯಾಗಿ ತಿರುಗಿಸಬಾರದು.

ವಾಲ್ವ್ ಕವರ್ ತೆಗೆದು ಟ್ಯಾಪೆಟ್ ಸ್ಕ್ರೂಗಳನ್ನೆಲ್ಲ ಪೂರ್ತಿ ಸಡಿಲಿಸಿ. ಇದನ್ನು ಬಿಟ್ಟುಬಿಡುವವರು ಹೆಚ್ಚು. ಸಡಿಲಿಸದಿದ್ದರೆ ಒಂದೆರಡು ವಾಲ್ವ್ ತೆರೆದೇ ಇರುತ್ತವೆ, ಹೆಡ್ ಇಳಿಸಿ ಮೇಜಿನ ಮೇಲೆ ಇಟ್ಟ ಕ್ಷಣ ಇಡೀ ಭಾರ ಆ ವಾಲ್ವಿನ ತುದಿಗೆ ಬಿದ್ದು ಅದು ಬಾಗುತ್ತದೆ.

ಹತ್ತು ಬೋಲ್ಟುಗಳನ್ನು ಹೊರಗಿನಿಂದ ಒಳಗೆ, ಮೂಲೆಯಿಂದ ಮೂಲೆಗೆ ಅಡ್ಡಡ್ಡ ಸಡಿಲಿಸಿ. ಮೊದಲ ಸುತ್ತಿನಲ್ಲಿ ಕಾಲು ತಿರುವು, ಎರಡನೆಯದರಲ್ಲಿ ಅರ್ಧ, ಆಮೇಲೆ ಪೂರ್ತಿ. ಹೆಡ್ ಅಂಟಿಕೊಂಡಿದ್ದರೆ ಮರದ ತುಂಡು ಇಟ್ಟು ಬದಿಯಿಂದ ಸುತ್ತಿಗೆಯಲ್ಲಿ ಮೆಲ್ಲ ಬಡಿಯಿರಿ. ಮ್ಯಾನಿಫೋಲ್ಡ್ ಹಿಡಿದು ಮೇಲಕ್ಕೆ ಅಲುಗಾಡಿಸಿದರೂ ಬಿಡುತ್ತದೆ. ಹೆಡ್ ಮತ್ತು ಬ್ಲಾಕ್ ಒಂದಕ್ಕೊಂದು ಕೂರುವ ಎರಡು ಫೇಸುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿದರೆ ಅದು ಮಾಡುವ ಗೀರಿನಲ್ಲೇ ಮುಂದಿನ ಸೋರಿಕೆ ಶುರು. ಹೆಡ್ ನೇರ ಮೇಲಕ್ಕೆ ಬರಬೇಕು, ಬ್ಲಾಕಿನಲ್ಲಿ ಹೆಡ್ಡನ್ನು ಜಾಗದಲ್ಲಿ ಹಿಡಿಯುವ ಡೋವೆಲ್ ಪಿನ್ ಇವೆ.

ಹಳೆಯ ಪ್ಯಾಕಿಂಗನ್ನು ಓದುವುದು

ಹಳೆಯ ಪ್ಯಾಕಿಂಗನ್ನು ಬಿಸಾಡುವ ಮೊದಲು ಬೆಳಕಿಗೆ ಹಿಡಿಯಿರಿ. ಎರಡು ಸಿಲಿಂಡರ್ ನಡುವಿನ ಉಕ್ಕಿನ ರಿಂಗ್ ಕಪ್ಪಾಗಿ ಸೀಳಿದ್ದರೆ ಹೆಡ್ ಬಾಗಿದೆ ಅಥವಾ ಬೋಲ್ಟ್ ಸಡಿಲವಾಗಿದೆ. ರಿಂಗ್ ಸರಿಯಾಗಿದ್ದು ನೀರಿನ ತೂತುಗಳ ಸುತ್ತ ಮಾತ್ರ ಕಂದು ಕೊಳೆತಂತೆ ಇದ್ದರೆ ಅದು ನೀರಿನ ತಪ್ಪು. ಒಂದು ಸಿಲಿಂಡರಿನ ಸುತ್ತ ಪ್ಯಾಕಿಂಗ್ ಹೊರಕ್ಕೆ ತಳ್ಳಿದಂತಿದ್ದರೆ ಡಿಟೊನೇಶನ್ (ಪೆಟ್ರೋಲ್ ಒಮ್ಮೆಲೇ ಸಿಡಿಯುವುದು), ಅಂದರೆ ಟೈಮಿಂಗ್ ಮುಂದೆ ಇದ್ದದ್ದು ಅಥವಾ ಏರು ದಾರಿಯಲ್ಲಿ ಹೆಚ್ಚಿನ ಗೇರಿನಲ್ಲಿ ಕಟಕಟ ಎನ್ನಿಸಿಕೊಂಡು ಎಳೆಸಿದ್ದು. ಪಿಸ್ಟನ್ ತಲೆಗಳನ್ನೂ ನೋಡಿ. ಮೂರು ಕರಿ ಹಿಡಿದಿದ್ದು ಒಂದು ತೊಳೆದಿಟ್ಟ ಬಾಣಲೆಯಂತೆ ಇದ್ದರೆ ಪ್ಲಗ್ ಹೇಳಿದ್ದನ್ನೇ ಪಿಸ್ಟನ್ನೂ ಹೇಳುತ್ತಿದೆ.

ಕ್ಲೀನಿಂಗಿಗೆ ಪ್ಲಾಸ್ಟಿಕ್ ಸ್ಕ್ರೇಪರ್, ಮಲಗಿಸಿ ಹಿಡಿದ ಬ್ಲೇಡು, ಥಿನ್ನರ್ ಸಾಕು. ಗ್ರೈಂಡರಿಗೆ ಉಜ್ಜುವ ಚಕ್ರ ಸಿಕ್ಕಿಸಿ ಹತ್ತು ನಿಮಿಷದಲ್ಲಿ ಹೊಳೆಯಿಸಿ ಕೊಡುವವರಿದ್ದಾರೆ. ಆ ಚಕ್ರ ಅಲ್ಯುಮಿನಿಯಂನ್ನು ಬೆರಳಿಗೆ ತಿಳಿಯದಷ್ಟು ಹಳ್ಳ ಮಾಡುತ್ತದೆ, ಉದುರಿದ ಪುಡಿ ಆಯಿಲ್ ದಾರಿಯಲ್ಲಿ ಇಳಿದು ಬೇರಿಂಗ್ ತಿನ್ನುತ್ತದೆ. ಸಿಲಿಂಡರುಗಳಿಗೆ ಬಟ್ಟೆ ತುಂಬಿ, ಆಯಿಲ್ ತೂತಿಗೆ ಟೇಪ್ ಹಚ್ಚಿ ಕೆಲಸ ಮಾಡಿ.

ಬೋಲ್ಟ್ ತೂತುಗಳ ತಳದಲ್ಲಿ ಇಳಿದ ಆಯಿಲ್, ಕೂಲಂಟನ್ನು ಬಟ್ಟೆ ಮತ್ತು ಗಾಳಿಯಿಂದ ಪೂರ್ತಿ ತೆಗೆಯಬೇಕು. ದ್ರವ ಕುಗ್ಗುವುದಿಲ್ಲ. ಬೋಲ್ಟ್ ಅದರ ಮೇಲೆ ಒತ್ತಿದಾಗ ಟಾರ್ಕ್ ರೆಂಚ್ ಟಕ್ ಎನ್ನುತ್ತದೆ, ಹೆಡ್ ಮಾತ್ರ ಬಿಗಿದಿರುವುದಿಲ್ಲ, ಕೆಲವೊಮ್ಮೆ ಬ್ಲಾಕೇ ಬಿರಿಯುತ್ತದೆ. ಹಳೆಯ ಬೋಲ್ಟೊಂದರ ಥ್ರೆಡ್ಡಿಗೆ ಹ್ಯಾಕ್‌ಸಾದಲ್ಲಿ ಉದ್ದಕ್ಕೆ ಎರಡು ಗೀರು ಕೊಯ್ದು, ಅದನ್ನೇ ಪ್ರತಿ ತೂತಿಗೂ ಕೈಯಲ್ಲಿ ತಿರುಗಿಸಿ ಇಳಿಸಿದರೆ ಮಡ್ಡಿಯೆಲ್ಲ ಗೀರಿಗೆ ಸೇರಿ ಬರುತ್ತದೆ. ಅಲ್ಯುಮಿನಿಯಂ ಥ್ರೆಡ್ ಎಳೆಎಳೆಯಾಗಿ ಬಂದರೆ ಆ ತೂತಿಗೆ ಹೆಲಿಕಾಯಿಲ್ (ಉಕ್ಕಿನ ತಂತಿಯ ಹೊಸ ಥ್ರೆಡ್) ಹಾಕಿಸಿ. ಹಾಕಿಸದೆ ಒಂಬತ್ತು ಬೋಲ್ಟಿನಲ್ಲಿ ಸುಧಾರಿಸುತ್ತದೆ ಎನ್ನುವ ಮಾತನ್ನು ಕೇಳಬೇಡಿ.

ಈಗ ಇಡೀ ಕೆಲಸದ ಮುಖ್ಯ ಹತ್ತು ನಿಮಿಷ. ಹೆಡ್ಡನ್ನು ಮಗುಚಿ, ಸ್ಟ್ರೈಟ್ ಎಡ್ಜನ್ನು (ನೇರ ಉಕ್ಕಿನ ಪಟ್ಟಿ) ಅಂಚಿಗೆ ನಿಲ್ಲಿಸಿ, ಅಡಿಯಲ್ಲಿ 0.05 ಮಿಮೀ ಫೀಲರ್ ಗೇಜ್ (ಅಳತೆಯ ತೆಳು ಉಕ್ಕಿನ ಎಲೆ) ತೂರಿಸಿ ನೋಡಿ. ಉದ್ದಕ್ಕೆ ಎರಡು ಬದಿ, ಅಡ್ಡಕ್ಕೆ ಎರಡು ತುದಿ, ಮೂಲೆಯಿಂದ ಮೂಲೆಗೆ ಎರಡು, ಹೀಗೆ ಆರು ಕಡೆ. ಮಿತಿ 0.05 ಮಿಮೀ, ಅಂದರೆ ತಲೆಗೂದಲಿಗಿಂತ ಸಪೂರ. ಆ ಎಲೆ ಎಲ್ಲಿಯಾದರೂ ನುಸುಳಿದರೆ ಹೆಡ್ ಫೇಸಿಂಗಿಗೆ, ಅಂದರೆ ಫೇಸನ್ನು ಕೊರೆದು ಸಪಾಟು ಮಾಡಿಸಲು ಹೋಗಬೇಕು. ಬ್ಲಾಕಿಗೂ ಇದೇ ಮಿತಿ, ಇದೇ ಆರು ಕಡೆ. ಮ್ಯಾನಿಫೋಲ್ಡ್ ಕೂರುವ ಫೇಸಿಗೆ 0.1 ಮಿಮೀ ತನಕ ನಡೆಯುತ್ತದೆ.

ಬೈಕಂಪಾಡಿಯಲ್ಲಾಗಲಿ ಮಣಿಪಾಲದ ಶಿವಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಾಗಲಿ ಕೆಲಸ ಕೊಡುವಾಗ ಫೇಸಿಂಗ್ ಮೆಷಿನಿನಲ್ಲಿ ಮಾಡುತ್ತಾರೆಯೇ ಎಂದು ಮೊದಲು ಕೇಳಿ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಉಜ್ಜಿ ಕೊಟ್ಟದ್ದು ಕಣ್ಣಿಗೆ ಚಂದ, ಆದರೆ ಅಂಚುಗಳು ಇಳಿದಿರುತ್ತವೆ. ಫೇಸಿಂಗಿಗಿಂತ ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ: ನೀರಿನ ದಾರಿಗಳನ್ನು ಮುಚ್ಚಿ, ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸುತ್ತಾರೆ. ವಾಲ್ವ್ ಸೀಟುಗಳ ನಡುವಿನ ಸಣ್ಣ ಬಿರುಕು ತಣ್ಣಗಿರುವಾಗ ಮುಚ್ಚಿಕೊಂಡು ಬಿಸಿಗೆ ಬಾಯಿ ಬಿಡುತ್ತದೆ, ಆದ್ದರಿಂದ ತಣ್ಣೀರಿನ ಟೆಸ್ಟಿಗೆ ಅರ್ಥ ಕಡಿಮೆ. ಸಪಾಟಾಗಲು ಎಷ್ಟು ಬೇಕೋ ಅಷ್ಟೇ ತೆಗೆಸಿ. ಹೆಡ್ ತೆಳ್ಳಗಾದಷ್ಟೂ ಕಂಪ್ರೆಶನ್ ಏರುತ್ತದೆ, ಕ್ಯಾಮ್ ಟೈಮಿಂಗ್ ಜಾರುತ್ತದೆ. ನೀರಿನ ತೂತಿನ ತುಕ್ಕು ಹಳ್ಳ ಸಿಲಿಂಡರಿನ ರಿಂಗ್ ಕೂರುವ ಜಾಗದವರೆಗೆ ಹಬ್ಬಿದ್ದರೆ ಫೇಸಿಂಗಿನಿಂದ ಆಗದು, ಆರ್ಗಾನ್ ವೆಲ್ಡಿಂಗ್ ಮಾಡಿಸಿ ಆಮೇಲೆ ಫೇಸಿಂಗ್. ಹೇಗೂ ಹೆಡ್ ಕೈಯಲ್ಲಿದೆ, ವಾಲ್ವ್ ಗ್ರೈಂಡಿಂಗ್ ಮಾಡಿಸಿ ಹೊಸ ಸೀಲ್ ಹಾಕಿಸಿಬಿಡಿ.

ಕೂರಿಸುವುದು

ಎರಡೂ ಫೇಸನ್ನು ಥಿನ್ನರಿನಲ್ಲಿ ಕೊನೆಯದಾಗಿ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ. ಪ್ಯಾಕಿಂಗ್ ಒಣದಾಗಿಯೇ ಕೂರಬೇಕು. ಗ್ರೀಸು, ಶೆಲ್ಯಾಕ್, ಸಿಲಿಕೋನ್ ಯಾವುದೂ ಬೇಡ. ಅವೆಲ್ಲ ಪ್ಯಾಕಿಂಗನ್ನು ಜಾರಿಸುತ್ತವೆ. ಗ್ಯಾಸ್ಕೆಟ್ ಮೇಲಿನ "ಟಾಪ್" ಎಂಬ ಗುರುತು ಮೇಲ್ಮುಖವಾಗಿ, ಕ್ರ್ಯಾಂಕ್ ಪುಲ್ಲಿಯ ಕಡೆಗೆ ಬರಬೇಕು. ತಿರುಗಾಮುರುಗಾ ಹಾಕಿದರೆ ಹೆಡ್ಡಿಗೆ ಆಯಿಲ್ ಏರುವ ತೂತು ಮುಚ್ಚಿ ಕ್ಯಾಮ್ ಹಿಡಿದುಬಿಡುತ್ತದೆ. ಇಟ್ಟ ಮೇಲೆ ಪ್ರತಿ ತೂತನ್ನೂ ಬ್ಲಾಕಿನ ತೂತಿಗೆ ಹೋಲಿಸಿ ನೋಡಿ. ನೀರಿನ ತೂತುಗಳಲ್ಲಿ ಕೆಲವು ಪ್ಯಾಕಿಂಗಿನಲ್ಲಿ ಬೇಕೆಂದೇ ಸಣ್ಣದಿರುತ್ತವೆ, ನೀರಿನ ಹರಿವು ಹಂಚಲು. ಅದನ್ನು ಕೊರೆದು ದೊಡ್ಡದು ಮಾಡುವ ಬುದ್ಧಿವಂತಿಕೆ ಬೇಡ.

ಬೋಲ್ಟಿನ ಥ್ರೆಡ್ಡಿಗೂ ತಲೆಯ ಅಡಿಗೂ ಒಂದು ಹನಿ ಇಂಜಿನ್ ಆಯಿಲ್ ಸವರಿ ಕೈಯಲ್ಲಿ ಇಳಿಸಿ. ಬಿಗಿಯುವುದು ನಡುವಿನಿಂದ ಹೊರಕ್ಕೆ: ಐದೈದರ ಎರಡು ಸಾಲಿನಲ್ಲಿ ಮೊದಲು ನಡುವಿನ ಎರಡು, ಆಮೇಲೆ ಅದರ ಅಕ್ಕಪಕ್ಕದವು ಅಡ್ಡಡ್ಡ, ಕೊನೆಗೆ ನಾಲ್ಕು ಮೂಲೆ. ಮೊದಲ ಸುತ್ತು 35 ನ್ಯೂಟನ್ ಮೀಟರ್, ಎರಡನೆಯದು 55, ಮೂರನೆಯದು 68. 8 ವಾಲ್ವಿನ ಮಿತಿ 65ರಿಂದ 70. ಕೊನೆಯ ಸುತ್ತಿನ ನಂತರ ಹತ್ತು ನಿಮಿಷ ಬಿಟ್ಟು ಅದೇ ಕ್ರಮದಲ್ಲಿ 68ಕ್ಕೇ ಇನ್ನೊಮ್ಮೆ ನೋಡಿ. ಒಂದೆರಡು ಬೋಲ್ಟ್ ಕೂದಲೆಳೆಯಷ್ಟು ತಿರುಗುತ್ತವೆ, ಅದು ಸಹಜ. ಯಾವುದಾದರೂ ಬೋಲ್ಟ್ ತಿರುಗುತ್ತಲೇ ಹೋಗಿ ರೆಂಚ್ ಟಕ್ ಎನ್ನದಿದ್ದರೆ ನಿಲ್ಲಿಸಿ, ಥ್ರೆಡ್ ಕಿತ್ತು ಬರುತ್ತಿದೆ.

ಬೆಲ್ಟ್ ಹಾಕುವ ಮೊದಲು ಎರಡೂ ಗುರುತು ಮತ್ತು ರೋಟರಿನ ಗೆರೆ ಮತ್ತೊಮ್ಮೆ. ಬೆಲ್ಟ್ ಹಾಕಿ, ಟೆನ್ಷನರಿನ ಸ್ಪ್ರಿಂಗ್ ತಾನೇ ಎಳೆಯಲು ಬಿಟ್ಟು, ಕ್ರ್ಯಾಂಕನ್ನು ಪ್ರದಕ್ಷಿಣೆಯಾಗಿ ಎರಡು ಸುತ್ತು ಕೈಯಲ್ಲಿ ತಿರುಗಿಸಿ, ಆಮೇಲಷ್ಟೇ ಟೆನ್ಷನರ್ ಬಿಗಿಯಿರಿ. ತಿರುಗಿಸುವಾಗ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ಎರಡು ಸುತ್ತಿನ ನಂತರ ಗುರುತುಗಳು ಸೇರದಿದ್ದರೆ ಬೆಲ್ಟ್ ಒಂದು ಹಲ್ಲು ತಪ್ಪಿದೆ.

ಟ್ಯಾಪೆಟ್ ತಣ್ಣಗಿರುವಾಗ ಇನ್‌ಟೇಕ್ 0.13ರಿಂದ 0.17 ಮಿಮೀ, ಎಕ್ಸಾಸ್ಟ್ 0.16ರಿಂದ 0.20. ಫೈರಿಂಗ್ ಕ್ರಮ 1-3-4-2. 1ನೇ ಸಿಲಿಂಡರ್ ಕಂಪ್ರೆಶನ್‌ನಲ್ಲಿ ಮೇಲಿದ್ದಾಗ 1, 2ರ ಇನ್‌ಟೇಕ್ ಮತ್ತು 1, 3ರ ಎಕ್ಸಾಸ್ಟ್. ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ 3, 4ರ ಇನ್‌ಟೇಕ್ ಮತ್ತು 2, 4ರ ಎಕ್ಸಾಸ್ಟ್. ಫೀಲರ್ ಎಲೆ ಹೊಸ ನೋಟು ಎಳೆದಂತೆ ಸ್ವಲ್ಪ ತಡೆಯುತ್ತಾ ಬರಬೇಕು. ಇನ್‌ಟೇಕ್ ಮ್ಯಾನಿಫೋಲ್ಡಿನ ಪ್ಯಾಕಿಂಗನ್ನು ಉದಾಸೀನ ಮಾಡಬೇಡಿ. ಕಾರ್ಬುರೇಟರ್ ಇಂಜಿನಿನಲ್ಲಿ ಮ್ಯಾನಿಫೋಲ್ಡ್ ಒಳಗೂ ನೀರು ಹರಿಯುತ್ತದೆ, ಅಲ್ಲಿ ಸೋರಿದರೆ ಹೊಸ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಮತ್ತೆ ಗಾಬರಿ.

ನೀರು ತುಂಬುವುದು

ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರನ್ನು ಅರ್ಧಕ್ಕರ್ಧ ಬಕೆಟಿನಲ್ಲೇ ಬೆರೆಸಿಕೊಳ್ಳಿ, ಒಟ್ಟು ಐದು ಲೀಟರ್ ಹತ್ತಿರ ಹಿಡಿಯುತ್ತದೆ. ಗಾಡಿಯ ಮೂತಿ ಏರು ಕಡೆಗಿರುವಂತೆ ನಿಲ್ಲಿಸಿ, ಮನೆಯ ಇಳಿಜಾರು ದಾರಿಯೇ ಸಾಕು. ಹೀಟರ್ ಇದ್ದರೆ ಬಿಸಿಗೆ ತಿರುಗಿಸಿ. ನಿಧಾನ ತುಂಬುತ್ತಾ ಮೇಲಿನ ಹೋಸನ್ನು ಕೈಯಲ್ಲಿ ಹಿಂಡುತ್ತಾ ಗಾಳಿ ಬಿಡಿಸಿ. ಕ್ಯಾಪ್ ಇಲ್ಲದೆ ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಒಮ್ಮೆಲೇ ಬಿಸಿಯಾಗುವವರೆಗೆ ಕಾಯಿರಿ. ಥರ್ಮೋಸ್ಟಾಟ್ ತೆರೆದದ್ದಕ್ಕೆ ಅದೇ ಗುರುತು. ಮಟ್ಟ ಕುಸಿಯುತ್ತದೆ, ಮತ್ತೆ ತುಂಬಿ ಕ್ಯಾಪ್ ಹಾಕಿ.

ಹಳೆಯ ಆಯಿಲಿಗೆ ನೀರು ಸೇರಿತ್ತಾದರೆ ಅಗ್ಗದ ಆಯಿಲ್ ಹಾಕಿ ಹತ್ತು ನಿಮಿಷ ಐಡ್ಲಿಂಗಿನಲ್ಲಿ ಓಡಿಸಿ ಚೆಲ್ಲಿ, ಆಮೇಲೆ ಒಳ್ಳೆಯ ಆಯಿಲ್, ಹೊಸ ಫಿಲ್ಟರ್. ಅದನ್ನೂ 500 ಕಿಲೋಮೀಟರಿಗೆ ಬದಲಿಸಿ. ಕೂಲಂಟ್ ಬೆರೆತ ಆಯಿಲ್ ಬೇರಿಂಗಿನ ದೊಡ್ಡ ಶತ್ರು. ಮೊದಲ ಸ್ಟಾರ್ಟಿಗೆ ಸೈಲೆನ್ಸರಿನಿಂದ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುತ್ತದೆ, ಒಳಗೆ ಉಳಿದ ನೀರು ಒಣಗುವವರೆಗೆ. ಇಪ್ಪತ್ತು ನಿಮಿಷ ದಾಟಿದರೂ ನಿಲ್ಲದಿದ್ದರೆ ಮಾತ್ರ ಚಿಂತೆ. ಬೋಲ್ಟುಗಳನ್ನು ಮತ್ತೆ ಟಾರ್ಕ್ ಮಾಡಬೇಕೇ ಎಂಬುದು ಪ್ಯಾಕಿಂಗಿನ ಜಾತಿಗೆ ಬಿಟ್ಟದ್ದು. ಪದರ ಪದರವಾದ ಉಕ್ಕಿನದಕ್ಕೆ ಬೇಡ. ಕಾಂಪೋಸಿಟ್ ಆದರೆ ಪೊಟ್ಟಣದ ಮೇಲೆ ಬರೆದಂತೆ ಮಾಡಿ, ಅದೂ ಇಂಜಿನ್ ತಣ್ಣಗಿರುವಾಗ.

ರೇಡಿಯೇಟರ್ ಮತ್ತು ಬಾವಿ ನೀರು

ಹೊರಗೆ ತೆಗೆದ ರೇಡಿಯೇಟರನ್ನು ಬಿಸಿಲಿಗೆ ಹಿಡಿದು ಹಿಂಬದಿಯಿಂದ ನೋಡಿ. ಬೆಳಕು ಬರದ ಜಾಗವೆಲ್ಲ ಗದ್ದೆಯ ಕೆಸರು ಮತ್ತು ಮುರಕಲ್ಲಿನ (ಜಂಬಿಟ್ಟಿಗೆ) ಕೆಂಪು ಧೂಳು. ಒಣಗಿದ ಮೇಲೆ ಅದು ಇಟ್ಟಿಗೆಯಾಗಿರುತ್ತದೆ. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಇಂಜಿನ್ ಕಡೆಯಿಂದ ಹೊರಕ್ಕೆ ಸಾದಾ ಪೈಪಿನ ನೀರು ಬಿಡಿ. ಸರ್ವಿಸ್ ಸ್ಟೇಷನಿನ ಹೈ ಪ್ರೆಶರ್ ಹೊಡೆದರೆ ರೆಕ್ಕೆಗಳು ಮಡಚಿ, ಮಣ್ಣಿಗಿಂತ ಗಟ್ಟಿಯಾಗಿ ಗಾಳಿ ತಡೆಯುತ್ತವೆ. ಒಳಗೆ ತುಕ್ಕು ಕಟ್ಟಿದ ಹಿತ್ತಾಳೆ ರೇಡಿಯೇಟರಾದರೆ ಟ್ಯಾಂಕ್ ಬಿಚ್ಚಿಸಿ ರಾಡಿಂಗ್ (ಕೊಳವೆಗಳಿಗೆ ಸರಳು ತೂರಿಸಿ ತೊಳೆಯುವುದು) ಮಾಡಿಸಿ. ಫ್ಯಾನಿನ ಸುತ್ತಲಿನ ಕವರ್ ಮುರಿದು ತೆಗೆದಿಟ್ಟಿದ್ದರೆ ಮತ್ತೆ ಹಾಕಿ. ಅದಿಲ್ಲದೆ ನಿಧಾನದ ಏರಿನಲ್ಲಿ ಫ್ಯಾನ್ ತನ್ನ ಸುತ್ತಲಿನ ಗಾಳಿಯನ್ನೇ ತಿರುಗಿಸುತ್ತಿರುತ್ತದೆ.

ಬಾವಿ ನೀರು ಕುಡಿಯಲು ಎಷ್ಟು ಸವಿಯೋ ಈ ಇಂಜಿನಿಗೆ ಅಷ್ಟೇ ಕೆಟ್ಟದ್ದು. ಅಲ್ಯುಮಿನಿಯಂ, ಕಬ್ಬಿಣದ ಲೈನರ್, ಉಕ್ಕಿನ ಪ್ಯಾಕಿಂಗ್, ಹಿತ್ತಾಳೆಯ ರೇಡಿಯೇಟರ್ ಇಷ್ಟೂ ಲೋಹ ಒಂದೇ ನೀರಿನಲ್ಲಿ ನಿಂತರೆ ಅದು ಬ್ಯಾಟರಿಯೇ ಸರಿ, ಕರಗುವುದು ಅಲ್ಯುಮಿನಿಯಂ. ನೇತ್ರಾವತಿ, ಗುರುಪುರ ಹೊಳೆಯ ಅಳಿವೆ ಬದಿಯ ಬಾವಿಗಳಲ್ಲಿ ಏಪ್ರಿಲ್-ಮೇಯಲ್ಲಿ ಉಪ್ಪು ಏರಿದಾಗ ಈ ಕೆಲಸ ಇನ್ನೂ ಬೇಗ ಆಗುತ್ತದೆ. ದಾರಿಯಲ್ಲಿ ಅನಿವಾರ್ಯವಾಗಿ ಹಾಕಿದರೆ ಹಾಕಿ, ಮನೆಗೆ ಬಂದ ವಾರದೊಳಗೆ ಫ್ಲಷ್ ಮಾಡಿ. ಕೂಲಂಟ್ ಚೆನ್ನಾಗಿ ಕಂಡರೂ ಎರಡು ವರ್ಷಕ್ಕೊಮ್ಮೆ ಬದಲಿಸಿ, ತುಕ್ಕು ತಡೆಯುವ ರಾಸಾಯನಿಕ ಬಣ್ಣಕ್ಕಿಂತ ಮೊದಲು ಮುಗಿಯುತ್ತದೆ.

"ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ ಮಾರಾಯ್ರೆ" ಎಂದು ಕಿತ್ತು ಬಿಸಾಡುವ ಪದ್ಧತಿ ಇಲ್ಲಿ ಗಟ್ಟಿಯಾಗಿ ಬೇರೂರಿದೆ. ಕಿತ್ತರೆ ಇಂಜಿನ್ ಇಳಿಜಾರಿನಲ್ಲಿ ತಣ್ಣಗೆ, ಏರಿನಲ್ಲಿ ಬಿಸಿ ಎಂದು ಮೇಲೆಕೆಳಗೆ ಆಗುತ್ತಾ ಹೆಡ್ ಪ್ರತಿ ಸಲವೂ ಹಿಗ್ಗಿ ಕುಗ್ಗಿ ಪ್ಯಾಕಿಂಗನ್ನು ಉಜ್ಜುತ್ತದೆ. ಕುದಿಯುವುದಕ್ಕೆ ಕಾರಣ ಬೇರೆ ಇದ್ದರೆ ಅದು ಹಾಗೇ ಉಳಿಯುತ್ತದೆ.

ತೋಡು ದಾಟುವ ಮೊದಲು ಫ್ಯಾನ್ ಬೆಲ್ಟ್ ಕಳಚುವ ರೂಢಿ ಇರುವವರು ಒಂದು ನೆನಪಿಡಿ. ಜಿಪ್ಸಿಯಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಲ್ಲಿ. ಆಚೆ ದಡದಲ್ಲಿ ಬೆಲ್ಟ್ ಹಾಕದೆ ಕಿಲೋಮೀಟರ್ ಗಟ್ಟಲೆ ಹೋದರೆ ಇಷ್ಟು ಬರೆದದ್ದೆಲ್ಲ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಟೆಂಪರೇಚರ್ ಮುಳ್ಳು ಏರಿ ಹೋಗಿ ಒಮ್ಮೆಲೇ ಕೆಳಗೆ ಬಿದ್ದರೆ ಸಮಾಧಾನ ಪಡಬೇಡಿ. ಸೆನ್ಸರ್ ಇರುವ ಜಾಗದಲ್ಲಿ ನೀರೇ ಉಳಿದಿಲ್ಲ, ಮುಳ್ಳು ತೋರಿಸುವುದು ಖಾಲಿ ಜಾಗವನ್ನು. ಚಾರ್ಮಾಡಿಯಲ್ಲೋ ಆಗುಂಬೆಯ ತಿರುವಿನಲ್ಲೋ ಹಾಗಾದರೆ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ, ಬಾನೆಟ್ ತೆರೆದು ಮುಕ್ಕಾಲು ಗಂಟೆ ಬಿಡಿ. ಹತ್ತಿರದಲ್ಲಿ ಜಲಪಾತ ಇದೆ ಎಂದು ಕೊಡ ತುಂಬಿ ತಂದು ಹೆಡ್ ಮೇಲೆ ಸುರಿಯಬೇಡಿ, ಬಿಸಿ ಅಲ್ಯುಮಿನಿಯಂ ಅಲ್ಲೇ ಬಿರಿಯುತ್ತದೆ. ಹೋಸ್ ಹಿಂಡಿದಾಗ ಮೆತ್ತಗಾಗಿದ್ದರೆ ಮಾತ್ರ ದಪ್ಪ ಬಟ್ಟೆ ಹಾಕಿ ಕ್ಯಾಪನ್ನು ಮೊದಲ ಕಚ್ಚಿನವರೆಗೆ ತಿರುಗಿಸಿ, ಆವಿ ಹೋದ ಮೇಲೆ ಪೂರ್ತಿ ತೆಗೆಯಿರಿ.

ಕೆಲಸ ಮುಗಿದ ಗಾಡಿಯ ರಿಸರ್ವಾಯರ್ ಟ್ಯಾಂಕಿಗೆ ಮಟ್ಟದ ಗೆರೆಯಲ್ಲಿ ಒಂದು ತುಂಡು ಟೇಪ್ ಅಂಟಿಸಿ, ಹದಿನೈದು ದಿನ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ನೋಡಿ. ಮೊದಲ ಎರಡು ದಿನ ಒಂದು ಬೆರಳಿನಷ್ಟು ಇಳಿಯುವುದು ಸಿಕ್ಕಿದ ಗಾಳಿ ಹೊರಬಿದ್ದದ್ದಕ್ಕೆ. ಮೂರನೇ ದಿನದಿಂದ ಟೇಪಿನ ಮೇಲೇ ನಿಲ್ಲಬೇಕು.